ಅಪ್ಪನ ಡಬ್ಬಿಯ ಎಸಿ128, ಮೈನಸ್ ಒಂಬತ್ತು ವೋಲ್ಟ್

ಹೋದ ವರ್ಷ ನವೆಂಬರಿನ ಒಂದು ಭಾನುವಾರ. ಡೊಂಬಿವಲಿಯ ಸಭಾಗೃಹವೊಂದರಲ್ಲಿ ರಾಜ್ಯೋತ್ಸವದ ಕಾರ್ಯಕ್ರಮ. ಮಕ್ಕಳ ಕೋಲಾಟ ಮುಗಿಯಿತು, ಭಾಷಣಗಳೂ ಕೊನೆಗೊಮ್ಮೆ ಮುಗಿದವು, ನಮ್ಮ ನಾಲ್ಕು ಜನರ ತಂಡ ವೇದಿಕೆ ಹತ್ತಿತು. ನಾವೆಲ್ಲ ವಾರವಿಡೀ ಬೇರೆ ಬೇರೆ ಆಫೀಸುಗಳಲ್ಲಿ ದುಡಿಯುವವರು. ಭಾನುವಾರ ಸೇರಿ ಹಳೆಯ ಚಿತ್ರಗೀತೆಗಳನ್ನು ನುಡಿಸುತ್ತೇವೆ. ಗಿಟಾರು ನನ್ನದು.

ಅಂದು ನನ್ನ ಕಾಲ ಬಳಿ ಮೂರು ಪೆಡಲುಗಳಿದ್ದವು: ಟ್ಯೂನರ್, ಡಿಲೇ, ಮತ್ತು ನಾನೇ ಕೂತು ಬೆಸುಗೆ ಹಾಕಿದ ಒಂದು ಫಜ್. ಗಿಟಾರಿನ ನಯವಾದ ದನಿಯನ್ನು ಒರಟಾಗಿ, ಹರಿದ ತಮಟೆಯ ಹಾಗೆ ಮಾಡುವ ಪೆಡಲು ಅದು. ಮನೆಯಲ್ಲಿ ಅದೊಂದನ್ನೇ ಅಡಾಪ್ಟರಿಗೆ ಹಚ್ಚಿ ನೋಡಿದ್ದೆ, ಚೆನ್ನಾಗಿ ನುಡಿದಿತ್ತು. ವೇದಿಕೆಯಲ್ಲಿ ಒಂದೇ ಅಡಾಪ್ಟರಿನಿಂದ ಮೂರಕ್ಕೂ ಕರೆಂಟ್ ಕೊಟ್ಟೆ. ಮೂರರ ದೀಪವೂ ಹೊತ್ತಿಕೊಂಡಿತು. ಫಜ್‌ನಿಂದ ಡಿಲೇಗೆ ಹೋಗುವ ಗೇಣುದ್ದದ ಪ್ಯಾಚ್ ಕೇಬಲ್ ಸಿಕ್ಕಿಸಿದೆ. ಮೂರರ ದೀಪವೂ ಒಟ್ಟಿಗೆ ಆರಿತು.

ಕೇಬಲ್ ಕಿತ್ತೆ, ದೀಪ ಬಂತು. ಸಿಕ್ಕಿಸಿದೆ, ಹೋಯಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ‘ಫ್ಯೂಜ್ ಹೋಗಿದೆಯೇನಪ್ಪಾ?’ ಎಂದು ಕೇಳಿದರು. ಮೂರೂ ಪೆಡಲುಗಳನ್ನು ಪಕ್ಕಕ್ಕೆ ತಳ್ಳಿ, ಗಿಟಾರನ್ನು ನೇರವಾಗಿ ಆಂಪ್ಲಿಫೈಯರಿಗೆ ಹಚ್ಚಿ ನುಡಿಸಿದೆ. ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ ಅಂತ ಗೆಳೆಯರು ಹೇಳಿದರು. ಸಮಾಧಾನಕ್ಕೆ ಹೇಳಿದ್ದು.

ರಾತ್ರಿ ಗದಗಿಗೆ ಫೋನ್ ಮಾಡಿದೆ. ಅಪ್ಪ ನಲವತ್ತು ವರ್ಷ ರೇಡಿಯೋ ರಿಪೇರಿ ಮಾಡಿದವರು. ಕಿವಿ ಮಂದವಾಗಿದೆ, ಫೋನಿನಲ್ಲಿ ಎರಡೆರಡು ಸಲ ಹೇಳಬೇಕು. ನಡೆದದ್ದನ್ನೆಲ್ಲ ಕೂಗಿ ಕೂಗಿ ಹೇಳಿದೆ.

‘ಟ್ರಾನ್ಸಿಸ್ಟರ್ ಯಾವ್ದು ಹಾಕೀದಿ?’

‘ನಿಮ್ಮ ಡಬ್ಬ್ಯಾಗಿನ ಎಸಿ ಒನ್ ಟ್ವೆಂಟಿಯೇಟ್, ಅಪ್ಪಾ.’

‘ಅದು ಪಿಎನ್‌ಪಿ ಅಲ್ಲೇನೋ. ಅದಕ್ಕ ಪ್ಲಸ್ಸ ಅರ್ಥಿಂಗ್. ಮೈನಸ್ ಅರ್ಥಿಂಗಿನ ಸಾಮಾನಿನ ಜೋಡಿ ಕಟ್ಟಿದ್ರ ಶಾರ್ಟ್ ಆಗದ ಮತ್ತೇನ್ ಆಗತೈತಿ?’

ಅಷ್ಟೇ. ನಾನು ಒಂದು ತಿಂಗಳು ಓದಿ ತಿಳಿಯಬೇಕಾದದ್ದನ್ನು ಅವರು ಒಂದು ಉಸಿರಿನಲ್ಲಿ ಹೇಳಿ, ಊಟ ಆಯಿತೇ ಎಂದು ಕೇಳಿದರು.

ಆ ಡಬ್ಬಿಯ ಕಥೆ ಹೇಳಬೇಕು. ಅಂಗಡಿ ಮುಚ್ಚಿದಾಗ ಅಪ್ಪ ಮನೆಗೆ ತಂದದ್ದು ಒಂದು ಮಲ್ಟಿಮೀಟರ್, ಎರಡು ಬೆಸುಗೆ ಕಡ್ಡಿ, ಮತ್ತು ಒಂದು ಬಿಸ್ಕತ್ತಿನ ತಗಡಿನ ಡಬ್ಬಿ. ಅದರಲ್ಲಿ ಪುಟ್ಟ ಲೋಹದ ಟೊಪ್ಪಿಗೆಯ, ಮೂರು ಉದ್ದ ಕಾಲಿನ 23 ಟ್ರಾನ್ಸಿಸ್ಟರುಗಳಿದ್ದವು. ಮೈಮೇಲೆ ‘ಬಿಇಎಲ್’ ಎಂಬ ಮೂರು ಅಕ್ಷರ, ಕೆಳಗೆ ‘ಎಸಿ128’. ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್‌ನವು. 1954ರಲ್ಲಿ ಶುರುವಾದ ಆ ಕಾರ್ಖಾನೆ 1962ರಲ್ಲಿ ಜರ್ಮೇನಿಯಮ್ ಟ್ರಾನ್ಸಿಸ್ಟರುಗಳ ತಯಾರಿಕೆಗೆ ಇಳಿಯಿತು. ನಮ್ಮ ಕಡೆಯ ಮನೆಗಳ ಗೋಡೆಯ ಹಲಗೆಯ ಮೇಲೆ ಧಾರವಾಡ ಆಕಾಶವಾಣಿಯನ್ನು ಹಾಡಿಸುತ್ತಿದ್ದ ಎಷ್ಟೋ ರೇಡಿಯೋಗಳ ಕೊನೆಯ ಹಂತದಲ್ಲಿ, ಸ್ಪೀಕರಿಗೆ ಬಲ ತುಂಬುವ ಜಾಗದಲ್ಲಿ, ಎಸಿ128 ಜೋಡಿಯಾಗಿ ಕೂತಿರುತ್ತಿತ್ತು. ಸಿಲಿಕಾನ್ ಬಂದ ಮೇಲೆ ಜರ್ಮೇನಿಯಮ್ ಮೂಲೆಗೆ ಸರಿಯಿತು. ಡಬ್ಬಿಯೂ ಅಟ್ಟ ಸೇರಿತು.

ನನಗೆ ಅದರ ನೆನಪಾದದ್ದು ಫಜ್ ಫೇಸ್ ಎಂಬ ಪೆಡಲಿನ ನಕ್ಷೆ ನೋಡಿದಾಗ. ಗಿಟಾರಿಗೆ ಇಂಥ ಪೆಡಲುಗಳ ಗೀಳು ಹಿಡಿದದ್ದು ಅರವತ್ತರ ದಶಕದಲ್ಲಿ. 1962ರಲ್ಲಿ ಅಮೆರಿಕದಲ್ಲಿ ಮೇಸ್ಟ್ರೋ ಫಜ್-ಟೋನ್ ಬಂತು. 1965ರಲ್ಲಿ ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ ಅದನ್ನು ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡಿನಲ್ಲಿ ಬಳಸಿದ ಮೇಲೆ ಎಲ್ಲರಿಗೂ ಅದೇ ದನಿ ಬೇಕಾಯಿತು. 1966ರಲ್ಲಿ ಲಂಡನ್ನಿನ ಐವರ್ ಆರ್ಬಿಟರ್ ಮೈಕ್ ಸ್ಟ್ಯಾಂಡಿನ ದುಂಡನೆಯ ತಳವನ್ನು ನೋಡಿ ಅದೇ ಆಕಾರದ ಡಬ್ಬಿಯಲ್ಲಿ ಫಜ್ ಫೇಸ್ ತಂದರು. ಜಿಮಿ ಹೆಂಡ್ರಿಕ್ಸ್‌ನ ಕಾಲಡಿ ಇದ್ದದ್ದು ಇದೇ. ಒಳಗೆ ನೋಡಿದರೆ ನಗು ಬರಬೇಕು: ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪ್ಯಾಸಿಟರ್, ಎರಡು ತಿರುಗುಗುಂಡಿ. ಅಪ್ಪನ ಭಾಷೆಯಲ್ಲಿ ಹೇಳುವುದಾದರೆ ‘ಅರ್ಧಾ ರೇಡಿಯೋನೂ ಅಲ್ಲ’. ಆಗಿನ ಫಜ್ ಫೇಸ್‌ಗಳಲ್ಲಿ ಎನ್‌ಕೆಟಿ275 ಎಂಬ ಟ್ರಾನ್ಸಿಸ್ಟರ್ ಇರುತ್ತಿತ್ತು, ಕೆಲವದರಲ್ಲಿ ಎಸಿ128. ನಮ್ಮ ಅಟ್ಟದ ಮೇಲಿನದೇ.

ಈಗ ಪ್ಲಸ್ ಅರ್ಥಿಂಗಿನ ವಿಚಾರ. ಜರ್ಮೇನಿಯಮ್ ಟ್ರಾನ್ಸಿಸ್ಟರುಗಳನ್ನು ಮಾಡಲು ಆಗ ಇದ್ದ ಸುಲಭದ ದಾರಿಯೆಂದರೆ, ತೆಳು ಜರ್ಮೇನಿಯಮ್ ಬಿಲ್ಲೆಯ ಎರಡೂ ಬದಿಗೆ ಇಂಡಿಯಮ್ ಲೋಹದ ಚುಕ್ಕೆಗಳನ್ನಿಟ್ಟು ಕಾಯಿಸಿ ಬೆಸೆಯುವುದು. ಹಾಗೆ ಮಾಡಿದಾಗ ಸಿಗುವುದು ಪಿಎನ್‌ಪಿ ಜಾತಿ. ಈ ಜಾತಿಗೆ ಒಂದು ತುದಿಯಲ್ಲಿ ಪ್ಲಸ್, ಇನ್ನೊಂದು ತುದಿಯಲ್ಲಿ ಮೈನಸ್ ಕೊಡಬೇಕು. ಅಂದಿನವರು ಪ್ಲಸ್ ತುದಿಯನ್ನೇ ನೆಲವೆಂದು ಹಿಡಿದು, ತಗಡಿನ ಡಬ್ಬಿಗೂ ಕೇಬಲ್ಲಿನ ಹೊರ ಹೆಣಿಗೆಗೂ ಅದನ್ನೇ ಜೋಡಿಸಿದರು. ಬ್ಯಾಟರಿಯ ಮೈನಸ್ಸು ನೆಲಕ್ಕಿಂತ 9 ವೋಲ್ಟ್ ಕೆಳಗೆ ಉಳಿಯಿತು. ಆಮೇಲೆ ಬಂದ ಸಿಲಿಕಾನ್ ಕಾಲದಲ್ಲಿ ಎನ್‌ಪಿಎನ್ ಜಾತಿ ಮೇಲುಗೈ ಪಡೆಯಿತು, ಮೈನಸ್ಸು ನೆಲವಾಯಿತು. ಇವತ್ತು ಅಂಗಡಿಯಲ್ಲಿ ಸಿಗುವ ಹೆಚ್ಚುಕಡಿಮೆ ಎಲ್ಲ ಪೆಡಲೂ ಹೀಗೆ.

ನನ್ನ ಫಜ್ ಒಂಟಿಯಾಗಿದ್ದಾಗ ತೊಂದರೆ ಇಲ್ಲ. ಅದರ ನೆಲ ಯಾವುದು ಎಂದು ಕೇಳುವವರೇ ಇಲ್ಲ. ಆದರೆ ಒಂದೇ ಅಡಾಪ್ಟರ್, ಜೊತೆಗೆ ಪ್ಯಾಚ್ ಕೇಬಲ್ ಬಂದಾಗ ಫಜ್‌ನ ನೆಲವಾದ ಪ್ಲಸ್ಸೂ ಡಿಲೇಯ ನೆಲವಾದ ಮೈನಸ್ಸೂ ಕೇಬಲ್ಲಿನ ಹೊರ ಹೆಣಿಗೆಯ ಮೂಲಕ ಮುಖಾಮುಖಿ ಆಗುತ್ತವೆ. ಅಡಾಪ್ಟರಿನ ಎರಡು ತಂತಿ ಹಿಡಿದು ಒಂದಕ್ಕೊಂದು ತಾಗಿಸಿದ ಹಾಗೆ. ನನ್ನ ಅಡಾಪ್ಟರು ಜಾಣ, ತಾನೇ ಬಾಗಿಲು ಹಾಕಿಕೊಂಡು ಬದುಕಿತು. ಹಳೆಯ ಕಾಲದ್ದಾಗಿದ್ದರೆ ಸಭಾಗೃಹದಲ್ಲಿ ಸುಟ್ಟ ವಾಸನೆ ಬರುತ್ತಿತ್ತು.

ನಿಜ ಹೇಳಬೇಕೆಂದರೆ ಇದಕ್ಕೆ ಅತಿ ಸರಳ ಪರಿಹಾರ ಒಂದು ಚೌಕ ಬ್ಯಾಟರಿ. ಈ ಫಜ್ ಉಣ್ಣುವುದು ಒಂದು ಮಿಲಿಆಂಪಿಯರಿಗೂ ಕಡಿಮೆ, ಒಂದು 9 ವೋಲ್ಟಿನ ಬ್ಯಾಟರಿ ನೂರಾರು ಗಂಟೆ ಬಾಳುತ್ತದೆ. ಆದರೆ ಇಂಥ ಪೆಡಲುಗಳಲ್ಲಿ ಗಿಟಾರಿನ ಕೇಬಲ್ ಸಿಕ್ಕಿಸಿದರೆ ಬ್ಯಾಟರಿ ಚಾಲೂ, ಕಿತ್ತರೆ ಬಂದ್. ಕೇಬಲ್ ಕೀಳಲು ಮರೆಯುವವರಲ್ಲಿ ನಾನು ಮೊದಲಿಗ. ಹಾಗೆಯೇ ಪ್ರತ್ಯೇಕ ಹೊರದಾರಿಗಳಿರುವ ದುಬಾರಿ ಪವರ್ ಸಪ್ಲೈ ಕೊಂಡರೂ ಕೆಲಸ ಆಗುತ್ತದೆ. ಪಿಎನ್‌ಪಿ ಸರ್ಕ್ಯೂಟಿನ ಮೈನಸ್ಸನ್ನೇ ನೆಲಕ್ಕೆ ಕಟ್ಟುವ ಒಳದಾರಿಯೂ ಉಂಟು. ಅದನ್ನು ಮಾಡಿ ನೋಡಿದೆ. ಬೇರೆ ಪೆಡಲುಗಳ ಜೊತೆ ಸೇರಿದಾಗ ನನ್ನ ಫಜ್ ‘ಗುಡ್ ಗುಡ್ ಗುಡ್’ ಎಂದು ದೋಣಿಯ ಇಂಜಿನ್ನಿನಂತೆ ಸದ್ದು ಮಾಡಿತು. ಹಾಗಾಗಿ ನಾನು ಹಿಡಿದದ್ದು ಇನ್ವರ್ಟರಿನ ದಾರಿ.

ಇನ್ವರ್ಟರ್ ಎಂದರೆ ಕರೆಂಟ್ ಹೋದಾಗ ಫ್ಯಾನು ತಿರುಗಿಸುವ ದಪ್ಪ ಪೆಟ್ಟಿಗೆಯಲ್ಲ. ಇದು ಎಂಟು ಕಾಲಿನ, ಕಿರುಬೆರಳಿನ ಉಗುರಿನಷ್ಟಿರುವ ಐಸಿ. ಪ್ಲಸ್ 9 ವೋಲ್ಟ್ ಕೊಟ್ಟರೆ ಮೈನಸ್ 9 ವೋಲ್ಟ್ ಮಾಡಿಕೊಡುತ್ತದೆ. ಕೆಲಸ ಮಾಡುವ ಬಗೆ ಹೀಗೆ: ಅಂಗಳದಲ್ಲಿ 9 ಅಡಿಯ ಏಣಿ ನಿಲ್ಲಿಸಿದರೆ ಅದರ ತುದಿ ನೆಲದಿಂದ 9 ಅಡಿ ಮೇಲೆ. ಅದೇ ಏಣಿಯ ತುದಿಯನ್ನು ಬಾವಿಯ ಕಟ್ಟೆಗೆ ಸಿಕ್ಕಿಸಿ ಒಳಗೆ ಇಳಿಬಿಟ್ಟರೆ ಅದರ ಬುಡ ನೆಲದಿಂದ 9 ಅಡಿ ಕೆಳಗೆ. ಏಣಿ ಅದೇ, ಉದ್ದ ಅದೇ, ನೆಲಕ್ಕೆ ತಾಗಿಸಿದ ಕೊನೆ ಮಾತ್ರ ಬೇರೆ. ಇಲ್ಲಿ ಏಣಿ ಎಂದರೆ 10 ಮೈಕ್ರೋಫ್ಯಾರಡ್‌ನ ಒಂದು ಕೆಪ್ಯಾಸಿಟರ್. ಐಸಿ ಅದನ್ನು ಮೊದಲು 9 ವೋಲ್ಟಿಗೆ ತುಂಬಿಸುತ್ತದೆ. ಮರುಗಳಿಗೆಯಲ್ಲೇ ಅದರ ಪ್ಲಸ್ ಕಾಲನ್ನು ನೆಲಕ್ಕೆ ತಾಗಿಸುತ್ತದೆ, ಮೈನಸ್ ಕಾಲು ನೆಲಕ್ಕಿಂತ 9 ವೋಲ್ಟ್ ಕೆಳಗೆ ಇಳಿಯುತ್ತದೆ. ಅಲ್ಲಿದ್ದ ಸಂಗ್ರಹವನ್ನು ಇನ್ನೊಂದು ಕೆಪ್ಯಾಸಿಟರಿಗೆ ಸುರಿದು ಮತ್ತೆ ತುಂಬಿಸಲು ಮೇಲೆ ಬರುತ್ತದೆ. ಇದು ಒಂದು ಸೆಕೆಂಡಿಗೆ ಸಾವಿರಾರು ಸಲ. ಈಗ ಪೆಡಲಿನ ಒಳಗೆ ಫಜ್‌ಗೆ ಬೇಕಾದ ಮೈನಸ್ 9 ಸಿಕ್ಕಿತು, ನೆಲ ಮಾತ್ರ ಉಳಿದ ಎರಡು ಪೆಡಲುಗಳದ್ದೇ. ಜಗಳವಿಲ್ಲ.

ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋದೆ. ಚೆನ್ನೈಯವರಿಗೆ ರಿಚಿ ಸ್ಟ್ರೀಟ್, ಹೈದರಾಬಾದಿನವರಿಗೆ ಕೋಠಿಯ ಗುಜರಾತಿ ಗಲ್ಲಿ, ದೆಹಲಿಯವರಿಗೆ ಲಜಪತ್ ರಾಯ್ ಮಾರ್ಕೆಟ್ ಇದ್ದ ಹಾಗೆ ನಮಗೆ ಇದು. ಐಸಿಎಲ್7660 ಒಂದು, ಕೆಪ್ಯಾಸಿಟರುಗಳು, ಒಂದು ತುಂಡು ಜೀರೋ ಪಿಸಿಬಿ. ಎಲ್ಲ ಸೇರಿ ಒಂದು ದಿನದ ಟೀ-ತಿಂಡಿಯ ಖರ್ಚು. ಮನೆಗೆ ಬಂದು ಕಟ್ಟಿದೆ. ಮೇಜಿನ ಡ್ರಾಯರಿನಲ್ಲಿದ್ದ ಒಂದು ಹಳೆಯ, ಭಾರದ ಅಡಾಪ್ಟರಿಗೆ ಹಚ್ಚಿದೆ. ಐಸಿ ಬೆರಳು ಸುಡುವಷ್ಟು ಕಾದು ಸತ್ತಿತು.

ಅಡಾಪ್ಟರಿನ ಮೈಮೇಲೆ 9 ವೋಲ್ಟ್ ಎಂದೇ ಬರೆದಿತ್ತು. ಮೀಟರಿಟ್ಟು ನೋಡಿದರೆ 13. ಒಳಗೆ ಬರೀ ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಅಡಾಪ್ಟರುಗಳು ಹೊರೆ ಕಡಿಮೆ ಇದ್ದಾಗ ಹೀಗೆ ಏರಿ ನಿಲ್ಲುತ್ತವೆ. ಸಾದಾ 7660ರ ಮಿತಿ 10 ವೋಲ್ಟ್. ಮ್ಯಾಕ್ಸ್1044 ಎಂಬ ಅದರ ಅಣ್ಣತಮ್ಮನದೂ ಅಷ್ಟೇ. ಇನ್ನೊಮ್ಮೆ ಗ್ರಾಂಟ್ ರೋಡ್. ಈ ಸಲ ಹೆಸರಿನ ಕೊನೆಗೆ ‘ಎಸ್’ ಇರುವ ಐಸಿಎಲ್7660ಎಸ್ ತಂದೆ, ಅದು 12 ವೋಲ್ಟಿನವರೆಗೆ ತಾಳುತ್ತದೆ. ಇನ್ನೂ ಗಟ್ಟಿ ಬೇಕೆನ್ನುವವರಿಗೆ ಎಲ್‌ಟಿ1054 ಇದೆ: 15 ವೋಲ್ಟಿನವರೆಗೆ ತಾಳುತ್ತದೆ, 100 ಮಿಲಿಆಂಪಿಯರ್ ಕೊಡುತ್ತದೆ. ನನ್ನ ಫಜ್‌ಗೆ ಅದು ಇಲಿ ಹೊಡೆಯಲು ಕೋವಿ ತಂದ ಹಾಗೆ. ಹಳೆಯ ಅಡಾಪ್ಟರನ್ನು ಡ್ರಾಯರಿನಿಂದಲೇ ತೆಗೆದುಹಾಕಿದೆ.

ಸಂಕ್ರಾಂತಿ ಕಳೆದ ಮೇಲೆ ಅಪ್ಪ ಕಿವಿ ತೋರಿಸಲು ಮುಂಬೈಗೆ ಬಂದರು. ಡಾಕ್ಟರು ಪರೀಕ್ಷೆ ಮಾಡಿ ಒಂದು ಗೆರೆಚಿತ್ರ ಕೊಟ್ಟರು. ಎಡದಿಂದ ಬಲಕ್ಕೆ ಸ್ವಲ್ಪ ದೂರ ಸಪಾಟಾಗಿ ಬಂದ ಗೆರೆ, 2000 ಹರ್ಟ್ಸ್ ದಾಟಿದ ಮೇಲೆ ಧಡಕ್ಕನೆ ಕೆಳಗೆ ಬಿದ್ದಿತ್ತು. ಟ್ಯಾಕ್ಸಿಯಲ್ಲಿ ಅಪ್ಪ ಆ ಕಾಗದವನ್ನು ಬಹಳ ಹೊತ್ತು ನೋಡಿದರು. ‘ಟೋನ್ ಕಂಟ್ರೋಲ್ ಪೂರಾ ಎಡಕ್ಕ ತಿರುವಿದಂಗ ಐತಿ’ ಅಂದರು. ಆಮೇಲೆ ಮನೆ ಬರುವವರೆಗೆ ಮಾತಾಡಲಿಲ್ಲ. ಬರೀ ಕಿವಿಯಿಂದ ರೇಡಿಯೋದ ರೋಗ ಹಿಡಿಯುತ್ತಿದ್ದ ಮನುಷ್ಯ. ಸೆಟ್ಟು ತೆರೆಯುವ ಮೊದಲೇ ‘ಕೆಪ್ಯಾಸಿಟರ್ ಒಣಗೇತಿ’ ಎನ್ನುತ್ತಿದ್ದದ್ದನ್ನು ನಾನು ಶಾಲೆಯ ಚೀಲ ಹೊತ್ತು ಅಂಗಡಿಯ ಕಟ್ಟೆಯ ಮೇಲೆ ಕೂತು ಎಷ್ಟು ಸಲ ಕೇಳಿಲ್ಲ.

ಸಂಜೆ ನನ್ನ ಮೇಜಿನ ಹತ್ತಿರ ಬಂದರು. ಎರಡನೇ ಸಲ ಕಟ್ಟಿದ್ದ ಬೋರ್ಡು ಅಲ್ಲಿತ್ತು, ಇನ್ನೂ ಕರೆಂಟ್ ಕೊಟ್ಟಿರಲಿಲ್ಲ. ಕನ್ನಡಕ ಹಣೆಗೇರಿಸಿ ಬೋರ್ಡನ್ನು ಮೂಗಿನ ಹತ್ತಿರ ಹಿಡಿದರು.

‘ಈ ಕೆಪ್ಯಾಸಿಟರ್ ಉಲ್ಟಾ ಕೂತೈತಿ ನೋಡು.’

‘ಇಲ್ಲ ಅಪ್ಪಾ, ಮೈನಸ್ ನೆಲಕ್ಕ ಕೊಟ್ಟೀನಲ್ಲ.’

‘ಹೊರಗ ಬರೂದು ಮೈನಸ್ ಒಂಬತ್ತು ಅಂತಿ. ಅದಕ್ಕಿಂತ ನೆಲಾನ ಮ್ಯಾಲ ಐತಲ್ಲೋ. ಅಂದ್ರ ಪ್ಲಸ್ ಕಾಲು ನೆಲಕ್ಕ ಬರಬೇಕು.’

ಸರಿಯಾಗಿತ್ತು. ಐಸಿಯ ಐದನೇ ಕಾಲಿನಿಂದ ನೆಲಕ್ಕೆ ಹೋಗುವ ಆ ಕೆಪ್ಯಾಸಿಟರನ್ನು ನಾನು ಕಣ್ಣುಮುಚ್ಚಿ ಅಭ್ಯಾಸಬಲದಿಂದ ಹಾಕಿದ್ದೆ. ಕರೆಂಟ್ ಕೊಟ್ಟಿದ್ದರೆ ಅದು ಕಾದು ಉಬ್ಬಿ ಒಡೆಯುತ್ತಿತ್ತು. ಅಪ್ಪನಿಗೆ ಯೋಚಿಸಬೇಕಾಗಿಯೇ ಬರಲಿಲ್ಲ. ಅವರ ಅರ್ಧ ಆಯುಷ್ಯದಲ್ಲಿ ನೆಲ ಎಂದರೆ ಪ್ಲಸ್ಸೇ. ‘ನಮ್ದ ಸೀದಾ ಇತ್ತು. ಉಲ್ಟಾ ಮಾಡಿದವ್ರು ನೀವು’ ಎಂದು ನಕ್ಕರು. ಮುಂಬೈಗೆ ಬಂದ ಮೇಲೆ ಮೊದಲ ಸಲ.

ತಿರುಗಿಸಿ ಹಾಕಿ ಕರೆಂಟ್ ಕೊಟ್ಟೆವು. ಮೀಟರಿನಲ್ಲಿ ಮೈನಸ್ 8.9. ಫಜ್ ಜೋಡಿಸಿದೆ, ಡಿಲೇ ಜೋಡಿಸಿದೆ, ಪ್ಯಾಚ್ ಕೇಬಲ್ ಸಿಕ್ಕಿಸಿದೆ. ದೀಪಗಳು ಆರಲಿಲ್ಲ. ಗಿಟಾರಿನ ದಪ್ಪ ತಂತಿ ಮೀಟಿದೆ. ಬಂತು ನೋಡಿ, ಹರಿದ ತಮಟೆ! ಆದರೆ ಅದರ ಹಿಂದೆ ಸೊಳ್ಳೆಯ ಹಾಗೆ ಸಣ್ಣದೊಂದು ‘ಕೀಂ’. ಐಸಿ ತುಂಬಿಸಿ ಸುರಿಯುವ ವೇಗ ಸೆಕೆಂಡಿಗೆ ಸುಮಾರು 5000 ಸಲ, ಅದು ಕಿವಿಗೆ ಕೇಳುವ ಸ್ವರವೇ. ಫಜ್ ಸಿಕ್ಕಿದ್ದನ್ನೆಲ್ಲ ದೊಡ್ಡದು ಮಾಡುವ ಪೆಡಲಾದ್ದರಿಂದ ಅದನ್ನೂ ಎತ್ತಿ ತೋರಿಸುತ್ತಿತ್ತು.

‘ಸಿಳ್ಳೆ ಬರಾಕತ್ತೈತಿ, ಅಪ್ಪಾ.’

ಅವರು ಸ್ಪೀಕರಿಗೆ ಕಿವಿ ಹಚ್ಚಿದರು. ಇನ್ನೊಂದು ಕಿವಿ ಹಚ್ಚಿದರು. ‘ಏನೂ ಇಲ್ಲಲ್ಲೋ’ ಅಂದರು. ನಾನು ಏನೂ ಹೇಳಲಿಲ್ಲ. ಅವರೇ ಆ ಗೆರೆಚಿತ್ರವನ್ನು ನೆನೆಸಿಕೊಂಡರೆಂದು ಕಾಣುತ್ತದೆ, ಕೆಳಗಿನ ತುಟಿ ಒತ್ತಿ ಹಿಡಿದು ಸುಮ್ಮನೆ ನಿಂತರು. ಆಮೇಲೆ ಒಳಗೆ ಹೋಮ್‌ವರ್ಕ್ ಮಾಡುತ್ತಿದ್ದ ನನ್ನ ಹನ್ನೊಂದು ವರ್ಷದ ಮಗಳನ್ನು ಕರೆದರು.

‘ಬಾ ಇಲ್ಲಿ. ಕುಂದ್ರು. ಸಿಳ್ಳೆ ಕೇಳಿದ್ರ ಕೈ ಎತ್ತು. ಜೋರ ಇದ್ರ ಪೂರಾ ಎತ್ತು, ಸಣ್ಣದಿದ್ರ ಅರ್ಧಾ ಎತ್ತು. ನಿಂತ್ರ ಇಳಸು.’

ಅವಳು ಕಣ್ಣುಮುಚ್ಚಿ ಕೂತಳು. ಕೈ ಪೂರಾ ಮೇಲೆ. ಅಪ್ಪ ಇನ್ವರ್ಟರಿಗೂ ಫಜ್‌ಗೂ ನಡುವೆ 100 ಓಮ್‌ನ ರೆಸಿಸ್ಟರ್ ಹಾಕಿಸಿದರು, ಅದರಾಚೆ ನೆಲಕ್ಕೆ 100 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್, ಈ ಸಲ ನಾನು ಪ್ಲಸ್ ಕಾಲನ್ನೇ ನೆಲಕ್ಕೆ ಕೊಟ್ಟೆ. ಇಂಥ ಜೋಡಿ ಸುಮಾರು 16 ಹರ್ಟ್ಸ್‌ಗಿಂತ ಮೇಲಿನ ಏರಿಳಿತವನ್ನು ಸೋಸಿಬಿಡುತ್ತದೆ. ಒಂದು ಮಿಲಿಆಂಪಿಯರಿಗೆ ಕಳೆದುಹೋಗುವುದು 0.1 ವೋಲ್ಟ್ ಮಾತ್ರ. ಮಗಳ ಕೈ ಭುಜದವರೆಗೆ ಇಳಿಯಿತು, ಪೂರಾ ಇಳಿಯಲಿಲ್ಲ. ಸಿಳ್ಳೆ ಅಡಾಪ್ಟರಿನ ತಂತಿಯ ಮೂಲಕ ಡಿಲೇಗೂ ಹೋಗುತ್ತಿತ್ತೇನೋ.

ಆಗ ನಾನು ಐಸಿಯ ಮಾಹಿತಿ ಹಾಳೆ ತೆಗೆದು ಓದಿದೆ. ಮೊದಲೇ ಓದಬೇಕಿತ್ತು. ‘ಎಸ್’ ಜಾತಿಯಲ್ಲಿ ಒಂದನೇ ಕಾಲನ್ನು ಎಂಟನೇ ಕಾಲಿಗೆ, ಅಂದರೆ ಪ್ಲಸ್ಸಿಗೆ, ಜೋಡಿಸಿದರೆ ಒಳಗಿನ ಆಸಿಲೇಟರ್ 10 ಕಿಲೋಹರ್ಟ್ಸ್‌ನಿಂದ 35 ಕಿಲೋಹರ್ಟ್ಸ್‌ಗೆ ಜಿಗಿಯುತ್ತದೆ. ಸಾದಾ 7660ರಲ್ಲಿ ಈ ಸೌಲಭ್ಯ ಇಲ್ಲ, ಅದರ ಒಂದನೇ ಕಾಲು ಖಾಲಿ. ಅರ್ಧ ಇಂಚಿನ ಒಂದು ತಂತಿ ಬೆಸೆದೆ.

ಮಗಳ ಕೈ ಮಡಿಲಿಗೆ ಬಂತು. ಅಪ್ಪ ನನ್ನನ್ನು ಕೇಳಲಿಲ್ಲ, ಅವಳನ್ನೇ ಕೇಳಿದರು: ‘ಪೂರಾ ಹೋತೇನು? ಖರೇನ?’ ಅವಳು ‘ಹೋಯ್ತು ಅಜ್ಜಾ, ಖರೇ’ ಅಂದಳು. ಅವರು ತಲೆಯಾಡಿಸಿ ಬೆಸುಗೆ ಕಡ್ಡಿಯನ್ನು ಆರಿಸಿದರು.

ಮರುದಿನ ಇನ್ನೊಂದು ಆಟ ಆಡಿದೆವು. ಹಳೆಯ ಪೆಡಲುಪ್ರಿಯರಲ್ಲಿ ಬ್ಯಾಟರಿಯ ದನಿಯೇ ಬೇರೆ ಎನ್ನುವವರು ಬಹಳ. ಮಗಳು ಗುಟ್ಟಾಗಿ ಒಮ್ಮೆ ಬ್ಯಾಟರಿ, ಒಮ್ಮೆ ಇನ್ವರ್ಟರ್ ಹಚ್ಚಿದಳು, ನಾನು ಅವಳಿಗೆ ಬೆನ್ನು ಮಾಡಿ ನುಡಿಸಿದೆ. ಹತ್ತರಲ್ಲಿ ಆರು ಸರಿ ಹೇಳಿದೆ. ನಾಣ್ಯ ಚಿಮ್ಮಿದರೂ ಅಷ್ಟು ಸರಿ ಬರುತ್ತದೆ. ದನಿ ಇರುವುದು ಟ್ರಾನ್ಸಿಸ್ಟರಿನಲ್ಲಿ ಎಂದು ನನಗೆ ಆ ದಿನ ಖಾತ್ರಿಯಾಯಿತು. ಬ್ಯಾಟರಿಯ ಬಗ್ಗೆ ಇನ್ನು ಯಾರ ಜೊತೆಗೂ ವಾದ ಮಾಡುವುದಿಲ್ಲ.

ಟ್ರಾನ್ಸಿಸ್ಟರಿನ ಚಾಳಿ ಮೇ ತಿಂಗಳಲ್ಲಿ ತಿಳಿಯಿತು. ಜರ್ಮೇನಿಯಮ್ ಸೋರುವ ಪಾತ್ರೆ. ಮುಚ್ಚಿದ್ದರೂ ಒಳಗಿಂದ ಸ್ವಲ್ಪ ಕರೆಂಟ್ ಜಿನುಗುತ್ತಲೇ ಇರುತ್ತದೆ, ಶಾಖ ಸುಮಾರು ಹತ್ತು ಡಿಗ್ರಿ ಏರಿದರೆ ಜಿನುಗು ಇಮ್ಮಡಿ. ಎರಡನೇ ಟ್ರಾನ್ಸಿಸ್ಟರಿನ ಕಲೆಕ್ಟರು ಮೈನಸ್ 4.5 ವೋಲ್ಟಿನ ಆಸುಪಾಸು ಇದ್ದರೆ ಫಜ್ ಚೆನ್ನಾಗಿ ನುಡಿಯುತ್ತದೆ. ಜನವರಿಯಲ್ಲಿ ಹಾಗೆ ಕೂರಿಸಿದ್ದು ಮೇ ತಿಂಗಳ ಸೆಖೆಗೆ ಎಲ್ಲೋ ಸರಿದು, ಸ್ವರ ಗಂಟಲು ಕಟ್ಟಿದವರ ಹಾಗೆ ತಡೆತಡೆದು ಬಂತು. ಅಲ್ಲಿದ್ದ 8.2 ಕಿಲೋಓಮ್‌ನ ರೆಸಿಸ್ಟರನ್ನು ತೆಗೆದು, ಸ್ಕ್ರೂಡ್ರೈವರಿನಿಂದ ತಿರುಗಿಸುವ ಪುಟ್ಟ ಪ್ರಿಸೆಟ್ ಹಾಕಿದ್ದೇನೆ. ಕಾರ್ಯಕ್ರಮದ ದಿನ ವೇದಿಕೆಯ ಸೆಖೆ ನೋಡಿ ಒಂದಿಷ್ಟು ತಿರುಗಿಸುವುದು. ಮೃದಂಗದವರು ಕೂತ ಮೇಲೆ ಕಲ್ಲು ತೆಗೆದು ಬಡಿದು ಶ್ರುತಿ ಮಾಡುವುದಿಲ್ಲವೇ? ಚೆನ್ನೈ, ಹೈದರಾಬಾದಿನಲ್ಲಿ ಇಂಥ ಪೆಡಲು ಕಟ್ಟುವವರು ಇದನ್ನು ಮೊದಲೇ ಹಾಕಿಕೊಳ್ಳಿ.

ಊರಿಗೆ ಹೊರಡುವ ಮೊದಲು ಅಪ್ಪ ಉಳಿದ ಟ್ರಾನ್ಸಿಸ್ಟರುಗಳನ್ನು ಒಂದೊಂದಾಗಿ ಅಳೆದರು. ಬೇಸ್ ಕಾಲನ್ನು ಖಾಲಿ ಬಿಟ್ಟು ಎಷ್ಟು ಕರೆಂಟ್ ಜಿನುಗುತ್ತದೆ ಎಂದು ನೋಡುವುದು. ಬೆರಳಿನಲ್ಲಿ ಹಿಡಿದರೆ ಮೈಶಾಖಕ್ಕೇ ಮುಳ್ಳು ಮೇಲೇರುತ್ತದೆ, ಅದಕ್ಕೇ ಮಗಳು ಮೇಜಿನ ಮೇಲಿಟ್ಟು ದೂರ ಸರಿಯುತ್ತಿದ್ದಳು, ಅಪ್ಪ ಎರಡು ನಿಮಿಷ ಬಿಟ್ಟು ಓದುತ್ತಿದ್ದರು. 21ರಲ್ಲಿ ಎಂಟು ಒಂದು ಮಿಲಿಆಂಪಿಯರಿಗಿಂತ ಹೆಚ್ಚು ಸೋರುತ್ತಿದ್ದವು. ನಾನು ಅವನ್ನು ಕಸದ ಬುಟ್ಟಿಗೆ ಹಾಕಲು ಹೋದೆ.

‘ಒಗೀಬ್ಯಾಡ’ ಅಂದರು. ಪ್ರತಿಯೊಂದರ ಕಾಲಿಗೂ ಕಾಗದದ ಚೀಟಿ ಸುತ್ತಿ, ಪೆನ್ಸಿಲಿನಿಂದ ಅದರ ಅಳತೆ ಬರೆದು, ಸೋರುವವನ್ನು ಒಂದು ಬದಿಗೆ, ಸೋರದವನ್ನು ಇನ್ನೊಂದು ಬದಿಗೆ ಮಾಡಿ ಡಬ್ಬಿ ಮುಚ್ಚಿದರು. ಮುಚ್ಚಳದ ಮೇಲೆ ಮಗಳ ಕೈಯಿಂದ ‘ಪ್ಲಸ್ ನೆಲ’ ಎಂದು ಬರೆಸಿ, ನನ್ನ ಮೇಜಿನ ಡ್ರಾಯರಿನಲ್ಲಿ, ಆ ಹಳೆಯ ಅಡಾಪ್ಟರ್ ಇದ್ದ ಜಾಗದಲ್ಲಿ ಇಟ್ಟು ಹೋದರು.